ಐದು ಮಕ್ಕಳು ಸಿಗದ ಭಾಷೆ

ಭಾಷೆಯ ವಿಷಯಕ್ಕೆ ಬಾಯಿ ಹಾಕಿದವನಿಗೆ ನಗೆಪಾಟಲು ಪುಕ್ಕಟೆ. ಸ್ವೀಡನ್ನಿನಲ್ಲಿ ನನಗೆ ಅದು ಸಾಕುಸಾಕೆನಿಸುವಷ್ಟು ಸಿಕ್ಕಿತು. 2005ರ ಸುಮಾರು. ಎಂಟು ವರ್ಷದ ಮಗಳು, ಊರಿನಿಂದ ಅಜ್ಜಿಯ ಫೋನ್ ಬಂದರೆ ಕನ್ನಡದಲ್ಲಿ ಮಾತಾಡಲು ಬಾರದೆ ನನ್ನ ಕೈಗೆ ಕೊಟ್ಟು ಓಡುತ್ತಿದ್ದಳು. ಒಂದೇ ಮನೆಮಾತಿನ ಐದು ಮಕ್ಕಳಿದ್ದರೆ ಶಾಲೆ ಆ ಭಾಷೆ ಕಲಿಸಬೇಕೆಂದು ಇಲ್ಲಿಯ ನಿಯಮ. ನಾನು ಕಾನೂನು ಓದಿದವನಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ನಿಯಮ ಓದಿ, ಐದು ಮಕ್ಕಳನ್ನು ಹುಡುಕಲು ಹೊರಟೆ.

೧. ಕಚೇರಿ

ಕೊಮ್ಯೂನ್, ಅಂದರೆ ಇಲ್ಲಿಯ ನಗರಸಭೆ. ಅಲ್ಲಿನ ಹೆಂಗಸು ಕಂಪ್ಯೂಟರ್ ನೋಡಿ, "ಭಾರತದವರಿಗೆ ಹಿಂದಿ ತರಗತಿ ಇದೆಯಲ್ಲ" ಅಂದಳು.

"ನಮ್ಮದು ಕನ್ನಡ. ಅದನ್ನಾಡುವವರು ನಿಮ್ಮ ಇಡೀ ದೇಶದ ಜನರಿಗಿಂತ ಹೆಚ್ಚು!"

ಅವಳು ಬೇಸರಿಸಲಿಲ್ಲ. "ಒಳ್ಳೆಯದೇ ಆಯಿತು. ಅವರಲ್ಲಿ ಐದು ಜನರನ್ನು ಕರೆತನ್ನಿ."

೨. ಬೇವು-ಬೆಲ್ಲ

ಯುಗಾದಿ ಕೂಟದಲ್ಲಿ ಕನ್ನಡಕ್ಕೆ ಜಯಕಾರ ಹಾಕಿ ಹಾಕಿ ಎಲ್ಲರ ಗಂಟಲು ಕಟ್ಟಿತ್ತು. ಬೇವು-ಬೆಲ್ಲದ ತಟ್ಟೆಯ ಪಕ್ಕ ಅರ್ಜಿಗಳನ್ನಿಟ್ಟೆ. ತುಂಬಿ ಬಂದವುಗಳಲ್ಲಿ ಮನೆಮಾತು ಅನ್ನುವ ಕಡೆ ಕೆಲವರು ಇಂಗ್ಲಿಷ್ ಬರೆದಿದ್ದರು, ಕೆಲವರು ಹಿಂದಿ. ಒಬ್ಬ ಮಹಾನುಭಾವ 'ಇಂಡಿಯನ್' ಅಂತ ಬರೆದಿದ್ದ.

ಹಿಂದಿ ಬರೆದವನನ್ನು ಹಿಡಿದೆ. "ನಿಮ್ಮದು ದಾವಣಗೆರೆ ಅಲ್ವೇನ್ರೀ?"

"ಹೌದು ಸಾರ್. ಆದ್ರೆ ಹಿಂದಿಗೆ ಕ್ಲಾಸೂ ಇದೆ, ಟೀಚರೂ ಇದಾರೆ. ಸುಮ್ನೆ ಯಾಕೆ ರಿಸ್ಕು? ಕನ್ನಡ ಮನೇಲೇ ಬಂದ್ಬಿಡುತ್ತೆ."

ಅವನ ಮಗಳು ತೋಳು ಜಗ್ಗಿ, ಅಂಕಲ್ ಏನು ಹೇಳ್ತಿದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಬೈದು, ನಾಚಿಸಿ, ಅವನೂ ಸೇರಿ ನಾಲ್ವರಿಂದ ಕನ್ನಡ ಎಂದು ಬರೆಸಿದೆ. ನನ್ನ ಮಗಳು ಐದನೆಯವಳು.

೩. ಸರ್ಕಾರದ ಪ್ರೀತಿ

ನಮ್ಮ ಕಟ್ಟಡ ನೋಡಿಕೊಳ್ಳುವ ಮುದುಕ ಫಿನ್ಲೆಂಡ್ ಗಡಿಯ ಕಡೆಯವನು; ಮನೆಮಾತು ಸ್ವೀಡಿಷ್ ಅಲ್ಲ, ಫಿನ್ನಿಷ್ ಭಾಷೆಯದೇ ಒಂದು ಬಗೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮನೆಮಾತಾಡಿದರೆ ಮೇಷ್ಟ್ರು ಹೊಡೆಯುತ್ತಿದ್ದರಂತೆ. ಈಗ ಸರ್ಕಾರ ಅದೇ ಮಾತಿಗೆ ಮಾನ್ಯತೆ ಕೊಟ್ಟು, ಆ ಭಾಷೆಯಲ್ಲೇ ಒಂದು ಕರಪತ್ರ ಅಚ್ಚು ಹಾಕಿಸಿತ್ತು. ಅದನ್ನು ನನಗೆ ತೋರಿಸಿದ.

"ಏನು ಬರೆದಿದ್ದಾರೆ?" ಅಂದೆ.

"ಯಾರಿಗೆ ಗೊತ್ತು? ಇದನ್ನು ಓದಲು ಯಾರೂ ಕಲಿಸಲಿಲ್ಲ. ಇದಕ್ಕಾಗಿ ಏಟು ತಿನ್ನಲು ಮಾತ್ರ ಕಲಿಸಿದರು."

ಹಾಳೆ ತಿರುಗಿಸಿ, ಹಿಂಬದಿಯ ಸ್ವೀಡಿಷ್ ಓದಿದ: "ನಿಮ್ಮ ಭಾಷೆಯನ್ನು ಉಳಿಸಿಕೊಳ್ಳಿ." ಅವನು ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ.

೪. ದಿನಬಳಕೆ

ಮನೆಮಾತು ಅಂದರೆ ಮನೆಯಲ್ಲಿ ದಿನಾ ಆಡುವ ಮಾತಾಗಿರಬೇಕು ಎಂಬ ಇನ್ನೊಂದು ಷರತ್ತಿತ್ತು. ಶಾಲೆಯವರು ಮಕ್ಕಳನ್ನೇ ಕೇಳಿದರು. ಆಮೇಲೆ ಕಚೇರಿಯ ಅದೇ ಹೆಂಗಸು ಫೋನ್ ಮಾಡಿದಳು.

"ನಾಲ್ವರು ಇಂಗ್ಲಿಷ್ ಅಂದಿದ್ದಾರೆ. ಕನ್ನಡ ಅಂದವಳು ನಿಮ್ಮ ಮಗಳೊಬ್ಬಳೇ."

ತರಗತಿ ಹೋಯಿತು. ಆದರೂ ಎದೆ ಉಬ್ಬಿತು. "ಏನಂದಳು? ಓದಿ ಹೇಳಿ."

"'ಅಪ್ಪ ದಿನಾ ಕನ್ನಡದಲ್ಲಿ ಬೈಯುತ್ತಾರೆ. ಬೇರೆ ಮಾತೆಲ್ಲ ಸ್ವೀಡಿಷ್.'"

ಮಗಳು ಶಾಲೆಯಲ್ಲಿ ಹಿಂದೆ ಬೀಳದಿರಲಿ ಎಂದು ಮನೆಯಲ್ಲೂ ಸ್ವೀಡಿಷ್ ಆಡಿದವನು ನಾನೇ. ಸಂಜೆ ಮನೆಗೆ ಬಂದು, ಇದ್ದಬದ್ದ ಅಕ್ಕರೆಯನ್ನೆಲ್ಲ ದನಿಗೆ ತಂದುಕೊಂಡು, "ಪುಟ್ಟೀ, ಬಾಮ್ಮಾ ಇಲ್ಲಿ" ಅಂದೆ.

ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಳು ಗಾಬರಿಯಿಂದ ಎದ್ದು ನಿಂತು ಸ್ವೀಡಿಷಿನಲ್ಲಿ ಅಂದಳು: "ನಾನೇನೂ ಮಾಡಿಲ್ಲ!"