ಒಗ್ಗರಣೆಯಿಲ್ಲದ ತಿಂಗಳು

ಎಲ್ಲದಕ್ಕೂ ಕಾರಣ ಒಂದು ಚುಕ್ಕೆ. ಸಾಸಿವೆ ಕಾಳಿನಷ್ಟೂ ಇರಲಿಲ್ಲ, ಸಾಸಿವೆಯ ಮರಿಯಷ್ಟಿತ್ತು. ಆದರೆ ಅದು ಹೋಗಿ ಕೂತದ್ದು ಮನೆಯೊಡತಿಯ ಬಿಳಿ ಸೀರೆಯ ಮೇಲೆ.

ಕೋಲ್ಕತ್ತಾದ ಕಸ್ಬಾದ ಆ ಗಲ್ಲಿಯಲ್ಲಿ ಲಾಹಿರಿ ಬಾಬು ಅವರದು ಮೂರಂತಸ್ತಿನ ಮನೆ. ಕೆಳಗೆ, ಹಿಂಭಾಗದಲ್ಲಿ ಶ್ಯಾಮಸುಂದರನ ಉಡುಪಿ ಮೆಸ್ಸು. ಮುಂಭಾಗದಲ್ಲಿ ಅವನ ಹೆಂಡತಿ ಅಂಬುಜಾಳ ಪ್ರಿಂಟರ್ ರಿಪೇರಿ ಅಂಗಡಿ. ಮೆಸ್ಸಿನ ಕಲ್ಲಿದ್ದಲ ಒಲೆಯ ಹೊಗೆ ತಗಡಿನ ಚಿಮಣಿ ಹಿಡಿದು ಹಿಂಗೋಡೆಯ ಉದ್ದಕ್ಕೂ ತಾರಸಿಯವರೆಗೆ ಏರಿ ಹೋಗುತ್ತಿತ್ತು. ಹನ್ನೊಂದು ವರ್ಷ ಹಾಗೆ ಏರಿದ ಹೊಗೆಯ ಬಗ್ಗೆ ಯಾರೂ ಚಕಾರವೆತ್ತಿರಲಿಲ್ಲ. ಈಚೆಗೆ ಮಾತ್ರ ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳ ಮೇಲೆಲ್ಲ ಕಪ್ಪು ಚುಕ್ಕೆ. ಲಾಹಿರಿ ಬಾಬು ಅವರ ಹೆಂಡತಿಯನ್ನು ಇಡೀ ಗಲ್ಲಿ ಕರೆಯುತ್ತಿದ್ದುದು ಕಾಕಿಮಾ, ಅಂದರೆ ಚಿಕ್ಕಮ್ಮ, ಎಂದು; ಅವರು ಅಂಬುಜಾಳನ್ನು ಕರೆಯುತ್ತಿದ್ದುದು ಬೌಮಾ, ಅಂದರೆ ಸೊಸೆ, ಎಂದು. ಆ ಕಾಕಿಮಾ ದಿನವೂ ಒಂದೊಂದು ಬಟ್ಟೆ ಹಿಡಿದು ಮೆಟ್ಟಿಲಿಳಿದು ಬರತೊಡಗಿದರು, ಕೋರ್ಟಿಗೆ ಸಾಕ್ಷಿ ತರುವವರ ಹಾಗೆ.

"ನೋಡು ಬೌಮಾ, ಇದು ದಿಂಬಿನ ಕವರು. ಮೂರು ಸಲ ಸೋಪು ಹಾಕಿದೆ. ಹೋಯ್ತಾ? ಹೋಗಲಿಲ್ಲ. ನಿನ್ನ ಗಂಡನ ಸಾಂಬಾರು ಮೆಸ್ಸಲ್ಲಿರಬೇಕಪ್ಪ, ನನ್ನ ದಿಂಬಿಗೆ ಯಾಕೆ ಬರಬೇಕು?"

ಅಂಬುಜಾ ತಲೆ ತಗ್ಗಿಸುತ್ತಿದ್ದಳು. ಯಾರು ದೂರು ತಂದರೂ ಮೊದಲು ತಲೆ ತಗ್ಗಿಸಿ, ತಪ್ಪು ಯಾರದೆಂದು ಆಮೇಲೆ ಯೋಚಿಸುವುದು ಅವಳ ಹುಟ್ಟುಗುಣ. ಶ್ಯಾಮಸುಂದರ ತನ್ನಿಂದಾದ ದೊಡ್ಡ ತ್ಯಾಗವನ್ನೇ ಮಾಡಿದ: ಹೊಗೆ ಕಡಿಮೆಯಾಗಲಿ ಎಂದು ಒಗ್ಗರಣೆ ನಿಲ್ಲಿಸಿಬಿಟ್ಟ. ಒಗ್ಗರಣೆಯಿಲ್ಲದ ಸಾರು ಉಂಡ ಗಿರಾಕಿಗಳು ಸಾವಿನ ಮನೆಗೆ ಬಂದವರಂತೆ ಸದ್ದಿಲ್ಲದೆ ಎದ್ದು ಹೋದರು. ಎರಡನೆಯ ವಾರಕ್ಕೆ ಅರ್ಧ ಮೇಜುಗಳು ಖಾಲಿ.

ಚುಕ್ಕೆಗಳು ಮಾತ್ರ ನಿಲ್ಲಲಿಲ್ಲ. ಕಾಕಿಮಾರ ಹೊಸ ಬಿಳಿ ಸೀರೆಗೇ ಬಿದ್ದ ದಿನ ಲಾಹಿರಿ ಬಾಬು ಸ್ವತಃ ಕೆಳಗಿಳಿದು ತೀರ್ಪು ಕೊಟ್ಟರು.

"ಬರುವ ಭಾನುವಾರ ತಾರಸಿಯಲ್ಲಿ ಒಂದು ಬಿಳಿ ಸೀರೆ ಹರವುತ್ತೇವೆ. ಸಂಜೆ ಐದಕ್ಕೆ ಅದು ಬಿಳಿಯಾಗಿಯೇ ಇಳಿದು ಬಂದರೆ ನಿಮ್ಮ ಅಡುಗೆಮನೆ ಇರುತ್ತದೆ. ಇಲ್ಲವಾದರೆ ಖಾಲಿ ಮಾಡಿ. ಹನ್ನೊಂದು ವರ್ಷದ ಸ್ನೇಹ, ಅದಕ್ಕೇ ಒಂದು ಅವಕಾಶ ಕೊಡ್ತಿದ್ದೇನೆ."

ಎದುರು ಮನೆಯ ನಿಶೀಥ್ ಬಾಬು ಆ ಹೊತ್ತಿಗೆ ಅಲ್ಲೇ ಇದ್ದರು. ಗಲ್ಲಿಯಲ್ಲಿ ಯಾರಿಗೆ ಕಷ್ಟ ಬಂದರೂ ಅವರು ಆ ಹೊತ್ತಿಗೆ ಅಲ್ಲೇ ಇರುತ್ತಿದ್ದರು. ಮೂವತ್ತನಾಲ್ಕು ವರ್ಷ ಒಂದು ವಿದ್ಯುತ್ ಸ್ಥಾವರದಲ್ಲಿ ಹೊಗೆ ಶುದ್ಧ ಮಾಡುವ ವಿಭಾಗದಲ್ಲಿದ್ದು ನಿವೃತ್ತರಾದವರು. ಬೇರೆಯವರು ಮೊಮ್ಮಕ್ಕಳ ಸುದ್ದಿ ಹೇಳುವಂತೆ ಅವರು ಚಿಮಣಿಗಳ ಸುದ್ದಿ ಹೇಳುತ್ತಿದ್ದರು.

"ನಮ್ಮಲ್ಲಿ ಏನು ಮಾಡ್ತಿದ್ದೆವು ಗೊತ್ತಾ? ಹೊಗೆಯ ದಾರಿಯಲ್ಲಿ ತಂತಿ ಕಟ್ಟಿ ಸಾವಿರಾರು ವೋಲ್ಟು ಹರಿಸೋದು. ಮಸಿಯ ಕಣಕಣಕ್ಕೂ ವಿದ್ಯುತ್ ಹತ್ತುತ್ತೆ. ಪಕ್ಕದಲ್ಲೇ ತಗಡು. ಮಸಿಯೆಲ್ಲ ಹೋಗಿ ತಗಡಿಗೆ ಅಂಟಿಕೊಳ್ಳುತ್ತೆ. ಮೇಲೆ ಬರೋದು ಬರೀ ಗಾಳಿ, ಹಿಮಾಲಯದ ಗಾಳಿ!"

"ಲೇಸರ್ ಪ್ರಿಂಟರಿನಲ್ಲೂ ಅದೇ ಅಲ್ವಾ ಬಾಬು," ಎಂದುಬಿಟ್ಟಳು ಅಂಬುಜಾ. "ಹಳೇ ಜೆರಾಕ್ಸ್ ಮೆಷಿನ್ನಿನಲ್ಲಿ ಅಂಥದೇ ತಂತಿ ಇರ್ತದೆ. ಡ್ರಮ್ಮಿಗೆ ವಿದ್ಯುತ್ ಕೊಡ್ತದೆ, ಕಪ್ಪು ಪುಡಿ ಬಂದು ಅಂಟ್ತದೆ. ನಿಮ್ಮದು ಮಸಿ, ನಮ್ಮದು ಪುಡಿ, ಅಷ್ಟೇ ವ್ಯತ್ಯಾಸ."

ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ನಿಶೀಥ್ ಬಾಬು ಅವರ ಕಣ್ಣು ದೀಪಾವಳಿಯಾಗಿತ್ತು. "ಹಳೇ ಜೆರಾಕ್ಸ್ ಮೆಷಿನ್ ಇದೆಯಾ ನಿನ್ನ ಹತ್ತಿರ?"

ಇತ್ತು. ಎಸ್ಪ್ಲನೇಡಿನ ಅಂಗಡಿಯವನೊಬ್ಬ ರಿಪೇರಿಗೆ ಕೊಟ್ಟು, ಬೇಡವೆಂದು ಬಿಟ್ಟುಹೋದದ್ದು ಮೂಲೆಯಲ್ಲಿ ಕೂತಿತ್ತು.

"ಎಂತ ಮಾರಾಯ್ತಿ," ಎಂದ ಶ್ಯಾಮಸುಂದರ, ಅವರೆಲ್ಲ ಹೋದ ಮೇಲೆ. "ನಿನ್ನ ಬಿಎಸ್ಸಿ ಫಿಸಿಕ್ಸ್ ಈಗ ಎದ್ದು ಕೂತಿತಾ? ಸಾಂಬಾರಿಗೆ ಕರೆಂಟ್ ಹೊಡೆದ್ರೆ ಎಂತ ಮಾಡುದು?"

"ಸಾಂಬಾರಿಗಲ್ಲ, ಹೊಗೆಗೆ."

"ಎರಡೂ ಒಂದೇ ಪಾತ್ರೆಯಿಂದ ಬರುದಲ್ವಾ?"

ವಾರವೆಲ್ಲ ದುಡಿದು ಅವಳು ಒಲೆಯ ಮೇಲಿನ ಚಿಮಣಿಯೊಳಗೆ ಕೂರುವ ಯಂತ್ರ ಕಟ್ಟಿದಳು. ಜೆರಾಕ್ಸ್ ಮೆಷಿನ್ನಿನ ತಂತಿಗಳು, ಅದರದೇ ವಿದ್ಯುತ್ ಡಬ್ಬಿ, ಎಣ್ಣೆ ಡಬ್ಬದಿಂದ ಕತ್ತರಿಸಿದ ಎಂಟು ತಗಡು, ಜೊತೆಗೆ ಪ್ರತಿ ಅರ್ಧ ಗಂಟೆಗೊಮ್ಮೆ ಬಂದು "ನಮ್ಮಲ್ಲಿ ಹೀಗಿರಲಿಲ್ಲ" ಎನ್ನುವ ನಿಶೀಥ್ ಬಾಬು.

ಭಾನುವಾರ ಒಂಬತ್ತಕ್ಕೆ ಕಾಕಿಮಾ ಬಿಳಿ ಸೀರೆ ಹರವಿ, ಎಂಟು ಕ್ಲಿಪ್ಪು ಹಾಕಿದರು. ಅಂಬುಜಾ ಸ್ವಿಚ್ ಒತ್ತಿದಳು. ಸಣ್ಣಗೆ ಚಿರ್ ಎಂದಿತು. ಚಿಮಣಿಯ ಬಾಯಿಂದ ಎಮ್ಮೆಯಂತೆ ಬರುತ್ತಿದ್ದ ಹೊಗೆ ಮೊದಲು ಕರುವಾಯಿತು, ಆಮೇಲೆ ಕರುವಿನ ಬಾಲವಾಯಿತು, ಆಮೇಲೆ ಇಲ್ಲವೇ ಇಲ್ಲವಾಯಿತು. ಅಕ್ಕಪಕ್ಕದ ತಾರಸಿಗಳಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು.

ಹನ್ನೊಂದಕ್ಕೆ ಮತ್ತೆ ಎಮ್ಮೆಯ ಬಾಲ ಕಾಣಿಸಿತು.

"ತಗಡು ತುಂಬಿದೆ!" ಎಂದು ನಿಶೀಥ್ ಬಾಬು ಖುಷಿಯಿಂದ ಕೂಗಿದರು. "ಸುತ್ತಿಗೆಯಿಂದ ತಟ್ಟಿ ಮಸಿ ಕೆಡವಬೇಕು. ನಮ್ಮಲ್ಲಿ ಅದಕ್ಕೆಂದೇ ಬೇರೆ ಸುತ್ತಿಗೆಗಳಿದ್ದವು."

"ಸ್ವಲ್ಪ ನಿಲ್ಲಿ ಬಾಬು, ಕೆಳಗೆ ತಟ್ಟೆ ಇಟ್ಟಿಲ್ಲ—"

ಮೂವತ್ತನಾಲ್ಕು ವರ್ಷ ಚಿಮಣಿ ಕಾದವರು ನಿಲ್ಲುತ್ತಾರೆಯೇ? ಅಡುಗೆಮನೆಗೆ ನುಗ್ಗಿ, ತೆಂಗಿನಕಾಯಿ ಒಡೆಯುವ ಕಬ್ಬಿಣದ ತುಂಡೆತ್ತಿ ಚಿಮಣಿಗೆ ಮೂರು ಬಾರಿಸಿದರು. ಸರಿಯಾಗಿ ಆ ಗಳಿಗೆಗೆ ಶ್ಯಾಮಸುಂದರ ಕೆಳಗೆ ಬಗ್ಗಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಿದ್ದ. ಬೆಳಗಿನಿಂದ ಕೂಡಿಟ್ಟ ಮಸಿಯೆಲ್ಲ ಒಮ್ಮೆಗೇ ಇಳಿಯಿತು. ಹೊರಗೆ ಬಂದವನ ಮುಖದಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮತ್ತು ಹಲ್ಲು. ಕೈಯಲ್ಲಿ ನಲವತ್ತು ಇಡ್ಲಿ.

"ರಾಗಿ ಇಡ್ಲಿಯಾ ಭಟ್ರೇ?" ಎಂದು ಕೇಳಿದ ಮೂಲೆಯ ಮೇಜಿನ ಬೆಂಗಳೂರಿನ ಹುಡುಗ, ಆಸೆಯಿಂದ.

ಅಂಬುಜಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ನೆಲ ಒಪ್ಪದ್ದರಿಂದ ತಾರಸಿಗೆ ಹೋದಳು. ಇನ್ನು ಐದರವರೆಗೆ ಸೀರೆಯನ್ನು ಬಿಟ್ಟು ಕದಲುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ನೀರಿನ ಟ್ಯಾಂಕಿನ ನೆರಳಿನಲ್ಲಿ ಮಣೆ ಹಾಕಿ ಕೂತಳು. ಸುಮ್ಮನೆ ಕೂತರೆ ಆ ನಲವತ್ತು ಇಡ್ಲಿಗಳೇ ಕಣ್ಣ ಮುಂದೆ ಬರುತ್ತಿದ್ದವು. ಜೋಕಾದ ಕಾಲೇಜಿನ ಹನ್ನೆರಡು ಪ್ರಿಂಟರ್ ಕಾರ್ಟ್ರಿಜ್ಜುಗಳನ್ನು ಹೇಗೂ ಸೋಮವಾರ ಕೊಡಬೇಕಿತ್ತು, ಅವನ್ನೂ ತಂದಿಟ್ಟುಕೊಂಡಳು. ಆ ಕೆಲಸವನ್ನು ಅವಳು ಮಾಡುತ್ತಿದ್ದುದೇ ಅಲ್ಲಿ. ಅನ್ನ ಬೇಯುವ ಕಡೆ ಅದೆಲ್ಲ ಬೇಡವೆಂದು ಶ್ಯಾಮಸುಂದರ ಹೇಳಿದ್ದ, ಅವಳಿಗೂ ಸರಿಯೆನಿಸಿತ್ತು. ಒಂದು ಕಣ್ಣು ಸೀರೆಯ ಮೇಲೆ, ಒಂದು ಕಣ್ಣು ಚಿಮಣಿಯ ಮೇಲೆ. ಕೈಗೆ ಕಣ್ಣೇ ಬೇಕಿರಲಿಲ್ಲ, ಅಷ್ಟು ರೂಢಿ: ಬಿಚ್ಚುವುದು, ಬ್ಲೋವರಿನಿಂದ ಊದುವುದು, ತುಂಬುವುದು, ಮುಚ್ಚುವುದು. ನಡುವೆ ಮೂರು ಸಲ ಕಾಗೆ ಓಡಿಸಿದಳು. ಒಂದು ಸಲ ಪಕ್ಕದ ತಾರಸಿಯಲ್ಲಿ ಬೀಡಿ ಹಚ್ಚಿದವರಿಗೆ ಕೈಮುಗಿದು ಅದನ್ನು ಆರಿಸುವಂತೆ ಮಾಡಿದಳು. ಗಡಿ ಕಾಯುವ ಸೈನಿಕರೂ ಅಷ್ಟು ಎಚ್ಚರವಾಗಿರಲಾರರು.

ಕೆಳಗೆ ತಟ್ಟೆ ಇಟ್ಟ ಮೇಲೆ ಯಂತ್ರ ಮತ್ತೆ ಕೆಮ್ಮಲಿಲ್ಲ. ಐದಕ್ಕೆ ಎಲ್ಲರೂ ತಾರಸಿಗೆ ಬಂದರು. ಕಾಕಿಮಾ ಕನ್ನಡಕ ಏರಿಸಿ ಸೆರಗಿನಿಂದ ಅಂಚಿನವರೆಗೆ ನೋಡಿದರು.

"ಏನೋ ಸ್ವಲ್ಪ ಮಬ್ಬಾಗಿದೆಯಲ್ಲ?"

"ಅದು ಕೋಲ್ಕತ್ತಾದ ಧೂಳು, ಬೌದಿ," ಎಂದರು ನಿಶೀಥ್ ಬಾಬು ಕಾಕಿಮಾರಿಗೆ. "ಚಿಮಣಿ ಅಲ್ಲ. ಕೊಡವಿ, ಹೋಗುತ್ತೆ."

ಕೊಡವಿದರು. ಸೀರೆ ಬೆಳ್ಳಗೆ ನಕ್ಕಿತು. ಲಾಹಿರಿ ಬಾಬು ಶ್ಯಾಮಸುಂದರನ ಕೈ ಕುಲುಕಿ ಎಲ್ಲರನ್ನೂ ತಮ್ಮ ಹಜಾರಕ್ಕೆ ಕರೆದರು. ಚಹಾ ಬಂತು, ಸಂದೇಶ್ ಮಿಠಾಯಿ ಬಂತು. "ನಮ್ಮ ಬೌಮಾ ವಿಜ್ಞಾನಿ!" ಎಂದು ಕಾಕಿಮಾ ಅಂಬುಜಾಳ ಗಲ್ಲ ಸವರಿದರು. ಶ್ಯಾಮಸುಂದರ ಸಂದೇಶ್ ಬಾಯಿಗಿಟ್ಟುಕೊಂಡು ಕನ್ನಡದಲ್ಲಿ ಪಿಸುಗುಟ್ಟಿದ: "ನಾಳೆಯಿಂದ ಒಗ್ಗರಣೆ ಉಂಟು ಮಾರಾಯ್ತಿ. ಬ್ಯಾಡಗಿ ಮೆಣಸು ಹಾಕಿ." ತಲೆಯೆತ್ತಿ ಕೂತು ಚಹಾ ಕುಡಿಯುವುದು ಎಷ್ಟು ಚೆನ್ನಾಗಿರುತ್ತದೆ ಎಂದು ಅಂಬುಜಾಳಿಗೆ ಅಂದು ಗೊತ್ತಾಯಿತು.

"ಇದನ್ನೇ ಉಟ್ಟುಕೊಂಡು ಈಗ ತಂಗಿಯ ಮನೆಗೆ ಹೋಗ್ತೀನಿ. ಎಲ್ಲರಿಗೂ ತೋರಿಸ್ತೀನಿ," ಎನ್ನುತ್ತ ಕಾಕಿಮಾ ಸೀರೆಯನ್ನು ಮೇಜಿನ ಮೇಲೆ ಹರವಿ ಇಸ್ತ್ರಿ ಪೆಟ್ಟಿಗೆ ಓಡಿಸಿದರು.

ಪೆಟ್ಟಿಗೆ ಹೋದ ದಾರಿಯಲ್ಲೆಲ್ಲ ಕಪ್ಪು ಚುಕ್ಕೆಗಳು ಒಂದೊಂದಾಗಿ ಹುಟ್ಟಿದವು, ಸಂಜೆಯ ಆಕಾಶದಲ್ಲಿ ನಕ್ಷತ್ರ ಮೂಡುವ ಹಾಗೆ.

ಅಂಬುಜಾ ಚಹಾ ಕೆಳಗಿಟ್ಟು ಸೀರೆಯ ಮೇಲೆ ಬಗ್ಗಿ ನೋಡಿದಳು. ಒಲೆಯ ಮಸಿ ಬಿಸಿಗೆ ಹೀಗೆ ಅಚ್ಚಾಗುವುದಿಲ್ಲ. ಬಿಸಿ ತಾಗಿದೊಡನೆ ಕರಗಿ, ಕೂತಲ್ಲೇ ಹಿಡಿದು ಕೂರುವ ಕಪ್ಪು ಯಾವುದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಪ್ರಿಂಟರು ಕಾಗದದ ಮೇಲೆ ದಿನಾ ಮಾಡುವುದೂ ಅದನ್ನೇ. ಅವಳು ತಾರಸಿಗೆ ಆ ಕೆಲಸ ಒಯ್ದು ಸರಿಯಾಗಿ ಒಂದು ತಿಂಗಳಾಗಿತ್ತು. ಇವತ್ತಂತೂ ಸೀರೆ ಕಾಯುತ್ತ ಕೂತು, ಹನ್ನೆರಡು ಕಾರ್ಟ್ರಿಜ್ಜುಗಳ ಹಳೆಯ ಪುಡಿಯನ್ನು ತಾನೇ ಅದರ ಕಡೆಗೆ ಊದಿದ್ದಳು.

"ಯಂತ್ರ ಕೆಲಸ ಮಾಡಿಲ್ಲ," ಎಂದರು ಲಾಹಿರಿ ಬಾಬು. "ತಿಂಗಳ ಕೊನೆಗೆ ಅಡುಗೆಮನೆ ಖಾಲಿ ಮಾಡಿ."

"ನಾನು ಬರೀ ಸಲಹೆ ಕೊಟ್ಟವನು," ಎಂದರು ನಿಶೀಥ್ ಬಾಬು.

ಶ್ಯಾಮಸುಂದರನ ಬಾಯಲ್ಲಿ ಸಂದೇಶ್ ಹಾಗೇ ಇತ್ತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಿವಿಯ ಹಿಂದೆ ಬೆಳಗಿನ ಮಸಿ ಇನ್ನೂ ಹೋಗಿರಲಿಲ್ಲ. ತಾನು ಸುಮ್ಮನೇ ಇದ್ದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಅಂಬುಜಾಳ ಮನಸ್ಸಿನಲ್ಲಿ ಕೂತು ಹೋಯಿತು. ಅದು ಬಂದದ್ದಕ್ಕೇ ಅವಳ ಕಿವಿ ಬಿಸಿಯಾಯಿತು.

"ತಪ್ಪು ನನ್ನದು," ಎಂದಳು. "ಅದು ಮಸಿಯಲ್ಲ. ನನ್ನ ಪ್ರಿಂಟರ್ ಪುಡಿ. ತಾರಸಿಯಲ್ಲಿ ಊದಿದವಳು ನಾನು."

ಕಾಕಿಮಾರ ಕಣ್ಣು ತುಂಬಿ ಬಂತು. "ನೋಡಿದಿರಾ? ಗಂಡನ ಮೇಲೆ ಬರೋದನ್ನ ತನ್ನ ಮೇಲೆ ಎಳೆದುಕೊಳ್ತಿದ್ದಾಳೆ! ಈ ಕಾಲದಲ್ಲಿ ಇಂಥ ಹೆಣ್ಣುಮಕ್ಕಳು!"

"ಅಲ್ಲ ಕಾಕಿಮಾ, ನಿಜವಾಗಿಯೂ ನಾನೇ—"

"ಸಾಕು ಬೌಮಾ, ನನಗೂ ಅಳು ಬರುತ್ತೆ," ಎಂದರು ನಿಶೀಥ್ ಬಾಬು.

"ಪ್ರೀತಿ ಬೇರೆ, ಹೊಗೆ ಬೇರೆ," ಎಂದರು ಲಾಹಿರಿ ಬಾಬು. "ಅಡುಗೆಮನೆ ಖಾಲಿಯಾಗಲೇಬೇಕು."

ಅವಳು ಒಪ್ಪಿಕೊಂಡಷ್ಟೂ ಅವರು ಹೊಗಳಿದರು. ಹೊಗಳಿದಷ್ಟೂ ಅವಳು ಕುಗ್ಗಿದಳು. ಕೊನೆಗೆ ಕೆಳಗೋಡಿ ಒಂದು ಕಾರ್ಟ್ರಿಜ್ಜು, ತಟ್ಟೆಯ ತುಂಬ ಚಿಮಣಿಯ ಮಸಿ, ಒಂದು ಸೋಪು ತಂದಳು. ನಿಶೀಥ್ ಬಾಬು ಅವರ ಬಿಳಿ ಕರ್ಚೀಫು ಕೇಳಿ ಪಡೆದಳು. ಒಂದು ಮೂಲೆಗೆ ಮಸಿ, ಇನ್ನೊಂದಕ್ಕೆ ಪುಡಿ. ಎರಡಕ್ಕೂ ಇಸ್ತ್ರಿ, ಎರಡಕ್ಕೂ ಸೋಪು. ಮಸಿ ಮಸುಕಾಗಿ ಬಿಟ್ಟುಹೋಯಿತು. ಪುಡಿ ಹೋಗಲಿಲ್ಲ. ಅದು ಕಾಕಿಮಾರ ದಿಂಬಿನ ಕವರಿನ ಚುಕ್ಕೆಯ ಒಡಹುಟ್ಟಿದ ತಮ್ಮನಂತೆ ಅಲ್ಲೇ ಕೂತಿತ್ತು. ತನ್ನ ಅಪರಾಧವನ್ನು ತಾನೇ ಇಷ್ಟು ಅಚ್ಚುಕಟ್ಟಾಗಿ ರುಜುವಾತು ಮಾಡಿದ ಹೆಂಗಸು ಆ ಗಲ್ಲಿಯಲ್ಲಿ ಹಿಂದೆ ಇರಲಿಲ್ಲ.

ಕಾಕಿಮಾರ ಕಣ್ಣು ಒಣಗಿತು. ಸಂದೇಶಿನ ತಟ್ಟೆಯನ್ನು ಮೆಲ್ಲನೆ ತಮ್ಮ ಕಡೆಗೆ ಎಳೆದುಕೊಂಡರು.

"ಅಂದರೆ," ಎಂದ ಶ್ಯಾಮಸುಂದರ, ಬಾಯಲ್ಲಿದ್ದುದನ್ನು ಕೊನೆಗೂ ನುಂಗಿ, "ಒಂದು ತಿಂಗಳು... ನಾನು ಒಗ್ಗರಣೆ ಇಲ್ಲದೆ..." ತಾರಸಿಗೆ ಹೋಗೆಂದವರು ನೀವೇ ಎಂದು ಅಂಬುಜಾ ಹೇಳಬಹುದಿತ್ತು. ಅದರ ಬದಲು ಅವನ ಕಿವಿಯ ಹಿಂದಿನ ಮಸಿ ಒರೆಸಿದಳು.

ಮರುದಿನ ಬೆಳಿಗ್ಗೆ ಶ್ಯಾಮಸುಂದರ ಹಾಕಿದ ಒಗ್ಗರಣೆಗೆ ಇಡೀ ಗಲ್ಲಿ ಸೀನಿತು. ಯಾರೂ ದೂರಲಿಲ್ಲ, ಅಡುಗೆಮನೆ ಖಾಲಿ ಮಾಡುವ ಮಾತನ್ನೂ ಎತ್ತಲಿಲ್ಲ. ಕಾಕಿಮಾ ಮೂಗು ಒರೆಸಿಕೊಳ್ಳುತ್ತ ಬಂದು ಎರಡು ಮಸಾಲೆ ದೋಸೆ ಕಟ್ಟಿಸಿಕೊಂಡು ಹೋದರು. ಯಂತ್ರವನ್ನು ಚಿಮಣಿಯಿಂದ ಬಿಚ್ಚಿ ಅಂಬುಜಾಳ ಅಂಗಡಿಯ ಕಿಟಕಿಗೆ ಕಟ್ಟಬೇಕೆಂದು ಅಪ್ಪಣೆಯಾಯಿತು. ಇನ್ನು ಮುಂದೆ ಅವಳು ಕಾರ್ಟ್ರಿಜ್ಜು ಊದುವುದು ಅದರ ಬಾಯಿಯಲ್ಲೇ. ನಿಶೀಥ್ ಬಾಬು ದಿನಾ ನಾಲ್ಕಕ್ಕೆ ಬಂದು ಸುತ್ತಿಗೆಯಿಂದ ತಟ್ಟುವುದಾಗಿ ಮಾತು ಕೊಟ್ಟರು.

ಹತ್ತು ಗಂಟೆಗೆ ಲಾಹಿರಿ ಬಾಬು ಒಂದು ಚೀಟಿ ತಂದು ಅವಳ ಮೇಜಿನ ಮೇಲಿಟ್ಟರು. ಮುಖ ನೋಡಲಿಲ್ಲ. "ಇದನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ಮಾಡಿ ಕೊಡು ಬೌಮಾ. ಅಂತಸ್ತಿಗೊಂದು, ತಾರಸಿಯ ಬಾಗಿಲಿಗೊಂದು."

ಚೀಟಿಯಲ್ಲಿ ಬರೆದದ್ದು: "ತಾರಸಿಯಲ್ಲಿ ಪ್ರಿಂಟರ್ ಪುಡಿ ಊದುವುದನ್ನು ಕಡ್ಡಾಯವಾಗಿ ನಿಷೇಧಿಸಿದೆ."

ಅಂಬುಜಾ ಬಂಗಾಳಿಯಲ್ಲಿ ಟೈಪು ಮಾಡಿದಳು, ಎರಡು ಸಲ ಓದಿ ನೋಡಿದಳು, ಒಂದು ಕಡೆ ತಪ್ಪಿದ್ದನ್ನು ತಿದ್ದಿದಳು. ಪ್ರಿಂಟರಿನಿಂದ ನಾಲ್ಕು ಹಾಳೆಗಳು ಬೆಚ್ಚಗೆ ಹೊರಬಂದವು. ಅಭ್ಯಾಸಬಲದಿಂದ ಒಂದರ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿದಳು. ಒಂದಕ್ಷರವೂ ಅಳಿಸಲಿಲ್ಲ.