ಹತ್ತನೆಯ ಮೂಲೆಯ ಬಾಣಂತಿ

ಅಮೃತಾಳ ಮನೆಯಲ್ಲಿ ಕೋಣೆ ಮೂರು, ಸಂಸಾರ ಹನ್ನೊಂದು. ಒಂದು ಅವಳದು. ಉಳಿದ ಹತ್ತು ಉದ್ದಕಾಲಿನ ಜೇಡಗಳವು.

ಕುಷ್ಟಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಗಂಡ ಸಿದ್ದೇಶ ಅವುಗಳ ಮೇಲೆ ಅಧ್ಯಯನ ನಡೆಸಿದ್ದ. ಪ್ರತಿ ಮೂಲೆಯ ಕೆಳಗೂ ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಿಂದ ನಂಬರು ಬರೆದಿದ್ದ. (ಮದುವೆಯಾಗಿ ಆರು ವರ್ಷವಾದರೂ ಹೆಂಡತಿಯ ಹುಟ್ಟಿದ ದಿನವನ್ನು ಅವನು ಎಲ್ಲಿಯೂ ಬರೆದಿಟ್ಟಿರಲಿಲ್ಲ.)

ಮಹಾನವಮಿ ಹತ್ತಿರ ಬಂದಿತ್ತು. ಹೊದೆಯುವ ಕೌದಿಗಳನ್ನೆಲ್ಲ ಒಗೆದಾಗಿತ್ತು, ತಾಮ್ರದ ಕೊಡಗಳು ಹುಣಸೆಹುಳಿಗೆ ಫಳಫಳ ಹೊಳೆಯುತ್ತಿದ್ದವು. ನಾಳೆ ತಾವರಗೇರಾದಿಂದ ಅತ್ತೆ ಕಳಕಮ್ಮ ಬರುವವರು. ಅವರು ಹೊಸ್ತಿಲು ದಾಟಿದ ಕೂಡಲೇ, ನೀರು ಕುಡಿಯುವ ಮೊದಲೇ, ಕತ್ತೆತ್ತಿ ಸೂರು ನೋಡುವವರು. ಹೋದ ವರ್ಷ ಒಂದೇ ಒಂದು ಎಳೆ ಕಂಡಿತ್ತು. "ನಮ್ಮ ಸೊಸಿ ನೇಕಾರಕಿ ಆಗ್ಯಾಳ, ಬಂದು ನೋಡ್ರಿ," ಎಂದು ಓಣಿಯ ಹೆಂಗಸರನ್ನು ಕರೆದಿದ್ದರು. ಆ ಮಾತು ಸಂಜೆಯೊಳಗೆ ಯಲಬುರ್ಗಾದ ತವರುಮನೆ ಮುಟ್ಟಿ, ಅಮೃತಾಳ ಅವ್ವ ಎರಡು ದಿನ ಮುಖ ಮುಚ್ಚಿಕೊಂಡು ಓಡಾಡಿದ್ದಳು. ಈ ಸಲ ಹಾಗಾಗಬಾರದು.

ಅವಳು ಉದ್ದ ಕೋಲಿನ ಕಸಬರಿಗೆ ಎತ್ತಿದಳು. ಸಿದ್ದೇಶ ಅಡ್ಡ ನಿಂತ.

"ಅವು ಸಾದಾ ಹುಳ ಅಲ್ಲ ಅಮೃತಾ. ಫೋಲ್ಕಸ್ ಅಂತ ಕುಲ. ಜಗತ್ತಿನಾಗ ಮುನ್ನೂರಕ್ಕೂ ಹೆಚ್ಚು ಜಾತಿ ಅದಾವ. ಚೀನಾ, ಆಫ್ರಿಕಾ, ಯುರೋಪಿನ ನೆಲಮಾಳಿಗಿ..."

"ಅಷ್ಟು ದೇಶ ಇದ್ದಾವಲ್ಲ, ಅಲ್ಲೇ ಇರಬೇಕಿತ್ತು. ಕುಷ್ಟಗಿಗೆ ಯಾಕ ಬಂದ್ವು? ನಮ್ಮನ್ಯಾಗ ನೆಲಮಾಳಿಗಿನೂ ಇಲ್ಲ."

"ನೀ ಯಲಬುರ್ಗಾ ಬಿಟ್ಟು ಯಾಕ ಬಂದಿ?"

ಅವಳು ಕಸಬರಿಗೆಯನ್ನು ಸೂರಿನಿಂದ ಅವನತ್ತ ತಿರುಗಿಸಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು ದನಿ ತಗ್ಗಿಸಿದ.

"ಹೋಗ್ಲಿ, ಹತ್ತನೇ ಮೂಲಿ ಒಂದು ಬಿಡು. ಬಾಯಾಗ ತತ್ತಿ ಹಿಡ್ಕೊಂಡು ಕುಂತಾಳ, ಪಾಪ. ಮರಿ ಆಗೂಮಟಾ ಉಪವಾಸ. ಬಾಣಂತಿ ಮ್ಯಾಲೆ ಕಸಬರಿಗಿ ಎತ್ತತೀಯೇನು?"

"ನಾ ಬಾಣಂತಿ ಇದ್ದಾಗ ಈ ಕರುಣಿ ಎಲ್ಲಿತ್ರಿ? ಹನ್ನೆರಡನೇ ದಿನಕ್ಕ 'ಚಹಾ ಆತೇನು' ಅಂದಿದ್ರಿ!"

ಆದರೂ ಅವಳು ಹೆಂಗಸೇ. ಒಂಬತ್ತನ್ನು ಅಂಗಳದ ಪೇರಲ ಗಿಡಕ್ಕೆ ಗಡೀಪಾರು ಮಾಡಿದಳು. ಹಿಂದಿನ ಕೋಣೆಯ ಬಾಣಂತಿಯನ್ನು ಮಾತ್ರ ಬಿಟ್ಟು, ಆ ಮೂಲೆಗೆ ಹಗ್ಗ ಕಟ್ಟಿ ಒಗೆದ ಕೌದಿಯೊಂದನ್ನು ಇಳಿಬಿಟ್ಟಳು. ಮಹಾನವಮಿಗೆ ಬಂದ ಅತ್ತೆ ಮುಟ್ಟಿ ಮೂಸಿ ನೋಡದ ಕೌದಿ ಈ ಸೀಮೆಯಲ್ಲೇ ಇಲ್ಲವೆಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಕಳಕಮ್ಮ ಬಂದರು. ಸೂರು ನೋಡಿದರು, ಮೂರು ಕೋಣೆ ಸುತ್ತಿದರು. ಬಾಯಿಂದ ಹೊಗಳಿಕೆಯೊಂದು ಇನ್ನೇನು ಹೊರಬೀಳಬೇಕು, ಕೈ ಕೌದಿಯತ್ತ ಹೋಯಿತು. ಎತ್ತಿದರು. ಬೆದರಿದ ಜೇಡ ಬಲೆಯ ಮೇಲೆ ಗರಗರನೆ ನಡುಗಿ, ಕಾಲು ಯಾವುದು ಮೈ ಯಾವುದು ತಿಳಿಯದಂತಾಯಿತು.

"ಏನಿದು?"

ವಿಜ್ಞಾನಿ ಗಂಡ ಹೊರಗೆ ಜಾರಿಕೊಳ್ಳಲು ಚಪ್ಪಲಿ ಹುಡುಕುತ್ತ ಬಗ್ಗಿದ. ಅಮೃತಾಳ ಬಾಯಿ ತಾನಾಗಿ ತೆರೆದುಕೊಂಡಿತು.

"ಬೇಕಂತಲೇ ಇಟ್ಟೀನ್ರಿ ಅತ್ತಿ. ಫೋಲ್ಕಸ್ ಕುಲದಾಕಿ. ಸೊಳ್ಳಿ ತಿಂತಾಳ, ಮಂದಿಗೆ ಏನೂ ಮಾಡಂಗಿಲ್ಲ. ಬಾಯಾಗ ತತ್ತಿ ಹಿಡ್ಕೊಂಡು ಉಪವಾಸ ಅದಾಳ. ಹೆಂಗ ಹೊರಗ ಹಾಕಲ್ರಿ?"

ಕಳಕಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಐದು ಹೆತ್ತ ಜೀವ, ಕಣ್ಣಂಚು ಒದ್ದೆಯಾಯಿತು.

"ಛಲೋ ಮಾಡೀದಿ ನನ್ನವ್ವ. ಒಬ್ಬಾಕಿನ ಏನು? ಈಕಿ ಬಳಗ ಎಲ್ಲಿ?"

ಆ 'ಛಲೋ ಮಾಡೀದಿ' ಅಮೃತಾ ಆರು ವರ್ಷ ಕಾದಿದ್ದ ಮಾತು. ಪೂರ್ತಿ ಸವಿಯುವಷ್ಟರಲ್ಲಿ ಸಿದ್ದೇಶ ಚಪ್ಪಲಿಯ ಸಂಶೋಧನೆ ಮುಗಿಸಿ ಎದ್ದ.

"ಇನ್ನ ಒಂಬತ್ತಿದ್ವು ಯವ್ವಾ. ನಿನ್ನೆ ನಿನ್ನ ಸೊಸಿನೇ ಎಲ್ಲಾರನ್ನೂ ಹೊರಗ ದಬ್ಬಿದ್ಲು."

ಕಳಕಮ್ಮ ಸೊಸೆಯನ್ನು ನೋಡಿದರು, ಸೂರು ನೋಡಿದರು, ಸೀದಾ ಬಾಗಿಲಿಗೆ ನಡೆದರು. ಓಣಿಯ ಹೆಂಗಸರು ಅಲ್ಲೇ ಇದ್ದರು.

ಆ ಸಂಜೆ ಅಮೃತಾ ಪೇರಲ ಗಿಡದ ಬುಡದಲ್ಲಿ ತಂಬಿಗೆ ಹಿಡಿದು ಒಂಬತ್ತು ಜನರನ್ನು ಹುಡುಕುತ್ತಿದ್ದಳು. ಮೂವರು ಸಿಕ್ಕರು. ನಾಲ್ಕನೆಯವಳನ್ನು ತಂಬಿಗೆಗೆ ಇಳಿಸುತ್ತಿದ್ದಾಗ ಯಲಬುರ್ಗಾದಿಂದ ಅವ್ವನ ಫೋನು ಬಂತು.

"ಹಬ್ಬದಾಗ ಬಾಣಂತಿ ಬಳಗಾನ ಹೊರಗ ಹಾಕಿದ್ಯಂತಲ್ಲ? ಇದನ್ನ ಕಲಿಸಿದ್ನೇನ ನಾ ನಿನಗ?"