ಕಲ್ಲು ನೆಕ್ಕೋ ಮಾವ

ನಮ್ಮ ಸೋದರಮಾವಗ ಹುಚ್ಚು ಹಿಡದದ ಅಂತ ಊರೆಲ್ಲಾ ಅಂತಿತ್ತು. ನಾ ಹಂಗ ಅನ್ನಂಗಿಲ್ಲ. ಹುಚ್ಚರು ಕಲ್ಲು ಒಗೀತಾರ, ಈತ ನೆಕ್ಕತಿದ್ದ!

ನಿಜಾಮನ ಕಾಲಕ್ಕ ಕಲ್ಲು ಪರೀಕ್ಷಾ ಮಾಡೋ ಸಾಹೇಬ ಒಬ್ಬಾಂವ ಶಹಾಪುರ ಕಡಿ ಬಂದಿದ್ದ. ಮಾವ ಆತನ ಚೀಲ ಹೊತ್ತ. ಚೀಲ ಇಳಿಸಿದ, ಸಾಹೇಬನ ಮಾತು ಇಳಿಸಲಿಲ್ಲ. "ಕಲ್ಲೂ ಕರಗತದ, ಕಲ್ಲೂ ಹರೀತದ, ಸಾವಕಾಶ." ಯಾರು ನಂಬಬೇಕು? ನಮ್ಮ ಕುರಿನೂ ನಂಬಲಿಲ್ಲ.

ರಜಾಕಾರರ ಗದ್ದಲದಾಗ ಕುರಿ ಹೊಡಕೊಂಡು ಕೃಷ್ಣಾ ದಾಟಿ ಹೋದ್ವಿ. ಹೋಗೋ ಮುಂದ ಅವ್ವ ಕುರಿಗೆ ತಂದ ಉಪ್ಪಿನ ಚೀಲ ಕುಣಿ ತೋಡಿ ಒಳಗಿಟ್ಟು ಮ್ಯಾಲ ಬೀಸೋಕಲ್ಲು ಹೇರಿದಳು. ಹಿಂದೂಸ್ತಾನದ ಫೌಜು ಬಂತು, ಗದ್ದಲ ನಿಂತು, ತಿರುಗಿ ಬಂದು ತಗದ್ರ ಉಪ್ಪು ಬಂಡಗಲ್ಲು ಆಗಿತ್ತು! ಅವ್ವ ಹಣಿ ಬಡಕೊಂಡಳು. ಮಾವ ಕುಣಿದಾಡಿದ.

"ನೋಡಕ್ಕಾ! ಹರಳಿಗೆ ಹರಳು ಒತ್ತಿದಲ್ಲೆ ನೀರಿನ ಪಸಿ ತಾಕಿ ಕರಗ್ಯಾದ. ಕರಗಿದ್ದು ಖಾಲಿ ಸಂದಿಗೆ ಹೋಗಿ ಮತ್ತ ಹರಳಾಗಿ ಕುಂತದ. ಕಲ್ಲೂ ಹಿಂಗ ಮಾಡತದ!"

"ಕಲ್ಲು ಏನರ ಮಾಡಲಿ. ನೀ ಮೊದಲ ಇದನ್ನ ಒಡಿ."

ಆಮ್ಯಾಲ ನನ್ನ ಲಗ್ನದ ಮಾತು. ಓಡಾಟದಾಗ ನನ್ನ ವಯಸ್ಸು ಮೀರಿತ್ತು. ಅಪ್ಪ ಇರಲಿಲ್ಲ, ಹಿರಿಯ ಅಂದ್ರ ಮಾವನಽ. ಸುರಪುರಕ್ಕ ಗಂಡು ನೋಡಾಕ ಹೋದಾಂವ ಗುಡ್ಡದಾಗ ಬಂಡಗಲ್ಲು ನೋಡಿ ಬಂದ!

"ಕಣಕ ಮಡಚಿದಂಗ ಮಡಚ್ಯಾದಲ್ಲ ಅಕ್ಕಾ! ಭೂಮಿ ತಳದಾಗ, ಕಾವಿನಾಗ, ಹರಳಿನ ಪದರು ಇಸ್ಪೀಟ ಎಲಿ ಜಾರಿದಂಗ ಜಾರ್ಯಾವ. ಒಡದಿಲ್ಲ!"

"ಗಂಡು ಹ್ಯಾಂಗಿದ್ದಾನೋ?"

"ಯಾವ ಗಂಡು?"

ಹೋತು ಸುರಪುರ. ಮುಂದ ದೋರನಹಳ್ಳಿಯವರು ತಾವಽ ಬಂದ್ರು. ಇದೂ ಮುರದ್ರ ನಾ ಸಾಯೋತನಕ ಅವ್ವನ ಒಲಿ ಊದಬೇಕು. ಪರಸಿಕಲ್ಲು ಹಾಸಿದ ಕಟ್ಟಿ ಮ್ಯಾಲ ಅವರನ್ನ ಕೂಡಿಸಿದ್ವಿ. ನಾ ಬಾಗಿಲ ಹಿಂದ. "ಬಾಯಿ ತಗೀಬ್ಯಾಡ" ಅಂತ ಮಾವಗ ಅವ್ವ ಆಣಿ ಹಾಕಿದ್ದಳು. ಯಾರದೋ ತಂಬಿಗಿ ಉರುಳಿ ನೀರು ಚೆಲ್ಲಿತು, ಪರಸಿಯೊಳಗ ಗರಗಸದ ಹಲ್ಲಿನಂಥ ಕರಿ ಗೆರಿ ಮೂಡಿತು. ಮಾವ ದಬಕ್ಕನ ಬಗ್ಗಿ ನೆಕ್ಕಿದ!

ಗಂಡಿನ ಅವ್ವ ನಮ್ಮವ್ವಗ ಕೇಳಿದಳು, "ನಿಮ್ಮ ತಮ್ಮಗ ಊಟಕ್ಕ ಹಾಕಂಗಿಲ್ಲೇನ್ರೀ?"

"ಗೆರಿ ನಿಚ್ಚಳ ಕಾಣಲಿ ಅಂತ ನೆಕ್ಕಿದೆ ತಾಯಿ," ಅಂದ ಮಾವ. "ಚೀಲದಾಗಿನ ಉಪ್ಪಿನಂಗ ಇದೂ ಒತ್ತಿದಲ್ಲೆ ಕರಗಿ ಹೋಗ್ಯಾದ. ಕರಗಲಾರದ ಕಸ ಉಳದು ಈ ಗೆರಿ ಆಗ್ಯಾದ."

ಮುರೀತು ಲಗ್ನ ಅಂದುಕೊಂಡೆ. ಅಷ್ಟರಾಗ ಆ ಗಂಡು ಎದ್ದ, ಮಣಕಾಲು ಊರಿದ, ತಾನೂ ನೆಕ್ಕಿದ!

"ಉಪ್ಪಿಲ್ಲಲ್ರೀ ಮಾವ?"

ನಾ ಬಾಗಿಲ ಹಿಂದಿನಿಂದ ಅವ್ವನ ಸೆರಗು ಜಗ್ಗಿದೆ. "ಇಂವ ಇರಲಿ," ಅಂದೆ. ಒಬ್ಬನ್ನ ತಡಕೊಂಡಾಕಿಗೆ ಇನ್ನೊಬ್ಬ ಭಾರ ಏನು?

ಭಾಳ ವರ್ಷದ ಮ್ಯಾಲ ಮಾವ ತೀರಿಕೊಂಡಾಗ ಕುಣಿಯ ತಲಿ ಕಡಿ ನಿಲ್ಲಿಸಾಕ ಕಟ್ಟಿಯಿಂದ ಅದಽ ಪರಸಿ ಕಿತ್ತು ಒಯ್ದ್ವಿ. ಮಣ್ಣು ಕೊಟ್ಟ ಮ್ಯಾಲ ನನ್ನ ಗಂಡ ಮಣಕಾಲು ಊರಿ ಕುಂತ. ಕಣ್ಣಾಗಿನ ನೀರು ಕಲ್ಲಿನ ಮ್ಯಾಲ ಬಿದ್ದು ಕರಿ ಗೆರಿ ಮೂಡಿತು. ಬಗ್ಗಿ ನೆಕ್ಕಿದ. ಮಂದಿ ಬಾಯಿ ತಗದು ನೋಡಿದ್ರು.

"ಉಪ್ಪದ ಏನು?" ಅಂದೆ.

ಮೂಗು ಒರಸಿಕೊಂಡ.

"ಇವತ್ತ ಅದ," ಅಂದ.